ವಿಮಾನ ಬಿಟ್ಟುಹೋದ ಸುಳಿ

ವಿಮಾನ ನಿಲ್ದಾಣದಲ್ಲಿ ನೀವು ಇದನ್ನು ಗಮನಿಸಿರಬಹುದು. ಮುಂದಿದ್ದ ದೊಡ್ಡ ವಿಮಾನ ಹಾರಿಹೋಗಿದೆ, ಓಡುದಾರಿ ಬರಿದಾಗಿದೆ, ಆಕಾಶ ತಿಳಿಯಾಗಿದೆ; ಆದರೂ ನಮ್ಮ ವಿಮಾನ ಎರಡು ಮೂರು ನಿಮಿಷ ಸುಮ್ಮನೆ ನಿಂತಿರುತ್ತದೆ. ಒಮ್ಮೆ ನಾನು ಹೀಗೆ ಕುಳಿತಿದ್ದಾಗ ಪಕ್ಕದ ಹಿರಿಯರೊಬ್ಬರು ಗಡಿಯಾರ ನೋಡಿಕೊಂಡು, "ಇನ್ನು ಯಾರ ದಾರಿ ಕಾಯುತ್ತಿದ್ದಾರೋ!" ಎಂದು ಗೊಣಗಿದರು. ಅಲ್ಲಿ ಕಾಯುತ್ತಿದ್ದುದು ಯಾರ ಬರವನ್ನೂ ಅಲ್ಲ, ಗಾಳಿಯೊಂದು ತಣ್ಣಗಾಗುವುದನ್ನು.

ಹಾರುವ ವಿಮಾನದ ರೆಕ್ಕೆಯ ಕೆಳಗೆ ಗಾಳಿಯ ಒತ್ತಡ ಹೆಚ್ಚು, ಮೇಲೆ ಕಡಿಮೆ. ಈ ವ್ಯತ್ಯಾಸವೇ ಅದನ್ನು ಎತ್ತಿಹಿಡಿಯುವುದು. ಆದರೆ ರೆಕ್ಕೆಯ ತುದಿಯಲ್ಲಿ ತಡೆಯೇನೂ ಇಲ್ಲವಷ್ಟೆ. ಕೆಳಗಿನ ಗಾಳಿ ತುದಿಯನ್ನು ಬಳಸಿಕೊಂಡು ಮೇಲಕ್ಕೆ ನುಗ್ಗುತ್ತದೆ. ವಿಮಾನ ಮುಂದೆ ಸಾಗಿದಂತೆ ಅದರ ಹಿಂದೆ ಎರಡು ನೀಳವಾದ ಸುಳಿಗಳು ಉಳಿಯುತ್ತವೆ. ಎರಡು ಸುಂಟರಗಾಳಿಗಳನ್ನು ಅಕ್ಕಪಕ್ಕದಲ್ಲಿ ಮಲಗಿಸಿದಂತೆ ಎಂದು ಕಲ್ಪಿಸಿಕೊಳ್ಳಿ. ಒಂದಕ್ಕೊಂದು ವಿರುದ್ಧವಾಗಿ ತಿರುಗುತ್ತ, ನಿಮಿಷಕ್ಕೆ ಕೆಲವು ನೂರು ಅಡಿಯಂತೆ ಅವು ಕೆಳಗಿಳಿಯುತ್ತವೆ. ವಿಮಾನ ಭಾರವಾದಷ್ಟೂ, ನಿಧಾನವಾದಷ್ಟೂ ಸುಳಿಗೆ ಬಲ ಹೆಚ್ಚು. ಇದು ಯಂತ್ರದ ದೋಷವಲ್ಲ. ಹಾರುವುದಕ್ಕೆ ತೆರಲೇಬೇಕಾದ ಸುಂಕ.

ಆ ಸುಂಕವನ್ನು ಹಿಂದೆ ಬರುವವರು ತೆರಬೇಕಾಗುವುದೇ ವಿಪರ್ಯಾಸ. 2017ರ ಜನವರಿ 7ರಂದು ಮಾಲ್ಡೀವ್ಸ್‌ನ ಮಾಲೆಯಿಂದ ಅಬುಧಾಬಿಗೆ ಹೊರಟಿದ್ದ ಚಾಲೆಂಜರ್ ಎಂಬ ಚಿಕ್ಕ ವಿಮಾನ ಅರಬ್ಬೀ ಸಮುದ್ರದ ಮೇಲೆ ಹಾರುತ್ತಿತ್ತು. ಎದುರಿನಿಂದ ಬಂದ ಎ-380 ಎಂಬ ಮಹಾವಿಮಾನ ಅದಕ್ಕಿಂತ 1,000 ಅಡಿ ಮೇಲೆ, ನಿಯಮದ ಪ್ರಕಾರವೇ, ದಾಟಿಹೋಯಿತು. ಸುಮಾರು ಒಂದು ನಿಮಿಷದಲ್ಲಿ ಚಿಕ್ಕ ವಿಮಾನ ಮಗುಚಿ ಉರುಳತೊಡಗಿತು. 8,000 ಅಡಿಗೂ ಹೆಚ್ಚು ಕೆಳಗೆ ಬಿದ್ದ ಮೇಲೆ ಚಾಲಕರು ಅದನ್ನು ಹತೋಟಿಗೆ ತಂದು ಮಸ್ಕತ್ತಿನಲ್ಲಿ ಇಳಿಸಿದರು. ಒಳಗಿದ್ದವರಲ್ಲಿ ಕೆಲವರು ಗಾಯಗೊಂಡರು. ವಿಮಾನ ದುರಸ್ತಿಗೆ ಮೀರಿದ್ದೆಂದು ತೀರ್ಮಾನವಾಯಿತು.

ಚಾಲಕರ ಮುಂದೆ ರೇಡಾರ್ ಇರಲಿಲ್ಲವೇ ಎಂದು ಕೇಳಬಹುದು. ವಿಮಾನದ ಹವಾಮಾನ ರೇಡಾರಿಗೆ ಕಾಣುವುದು ಮಳೆಹನಿ. ತಿಳಿಯಾದ ಗಾಳಿ ಅದಕ್ಕೆ ಶೂನ್ಯ. ಇದಕ್ಕಾಗಿಯೇ ವಿಜ್ಞಾನಿಗಳು ಲೇಸರ್ ಬೆಳಕಿನ ಮೊರೆಹೊಕ್ಕರು. ಆ ಉಪಕರಣದ ಹೆಸರು ಲೈಡಾರ್. ಅದು ಮುಂದಕ್ಕೆ ಚೆಲ್ಲಿದ ಬೆಳಕು ಗಾಳಿಯಲ್ಲಿ ತೇಲುವ ಧೂಳಿನ ಕಣಗಳಿಗೆ ತಾಗಿ, ಒಂದಿಷ್ಟು ಹಿಂದಿರುಗುತ್ತದೆ. ಕಣ ಚಲಿಸುತ್ತಿದ್ದರೆ ಹಿಂದಿರುಗಿದ ಬೆಳಕಿನ ಕಂಪನಸಂಖ್ಯೆ ಕೊಂಚ ಬದಲಾಗಿರುತ್ತದೆ. ಹತ್ತಿರ ಬರುವ ರೈಲಿನ ಸಿಳ್ಳು ಏರುಸ್ವರದಲ್ಲಿದ್ದು, ದಾಟಿದೊಡನೆ ಇಳಿಯುವುದನ್ನು ಬಲ್ಲಿರಷ್ಟೆ? 1842ರಲ್ಲಿ ಡಾಪ್ಲರ್ ವಿವರಿಸಿದ ತತ್ವವೇ ಇದು. ಆದರೆ ಸೆಕೆಂಡಿಗೆ ಒಂದು ಮೀಟರ್ ವೇಗದ ಗಾಳಿಯಿಂದ ಬೆಳಕಿನಲ್ಲಾಗುವ ಬದಲಾವಣೆ ಸುಮಾರು ಹದಿನೈದು ಕೋಟಿಯಲ್ಲಿ ಒಂದು ಪಾಲು. ಅದನ್ನೂ ಅಳೆಯುತ್ತಾರೆ ಎಂಬುದು ನನಗೆ ಇಂದಿಗೂ ಬೆರಗು.

ನಿಜವಾದ ತೊಡಕು ಇರುವುದು ಇಲ್ಲಲ್ಲ. ಡಾಪ್ಲರ್ ತತ್ವಕ್ಕೆ ಸಿಕ್ಕುವುದು ಕಿರಣದ ನೇರದಲ್ಲಿ ಸಮೀಪಿಸುವ ಇಲ್ಲವೆ ದೂರ ಸರಿಯುವ ಚಲನೆ ಮಾತ್ರ. ಅಡ್ಡ ಚಲನೆ ಅದಕ್ಕೆ ಕಾಣದು. ನೆಲದ ಮೇಲೆ, ಓಡುದಾರಿಯ ಪಕ್ಕದಲ್ಲಿ ಇಟ್ಟ ಲೈಡಾರ್ ಸುಳಿಯನ್ನು ಮಗ್ಗುಲಿನಿಂದ ನೋಡುತ್ತದೆ. ಸುಳಿಯ ಒಂದು ಅಂಚು ಅದರತ್ತ ಬರುತ್ತಿರುತ್ತದೆ, ಇನ್ನೊಂದು ಸರಿಯುತ್ತಿರುತ್ತದೆ, ಅಳತೆ ಸುಲಭ. ಜರ್ಮನಿಯ ಫ್ರಾಂಕ್‌ಫರ್ಟ್ ನಿಲ್ದಾಣದಲ್ಲಿ ಹೀಗೆ ಅಳೆದಿದ್ದಾರೆ. ಹಿಂದೆ ಬರುವ ವಿಮಾನದ ಪಾಡು ಬೇರೆ. ಅದು ಸುಳಿಯನ್ನು ಉದ್ದಕ್ಕೆ, ಕೊಳವೆಯ ಬಾಯಿಂದ ಇಣುಕಿದಂತೆ ನೋಡುತ್ತದೆ. ಗಾಳಿ ಅಲ್ಲಿ ಸುತ್ತುತ್ತಿದೆಯೇ ಹೊರತು ಹತ್ತಿರವೂ ಬರುತ್ತಿಲ್ಲ, ದೂರವೂ ಹೋಗುತ್ತಿಲ್ಲ. ಯಾರಿಗೆ ಅದು ಕಾಣಲೇಬೇಕೋ ಅವರಿಗೇ ಅತ್ಯಂತ ಕಡಿಮೆ ಕಾಣುತ್ತದೆ!

ಇದಕ್ಕೆ ಉಪಾಯವೆಂದರೆ ಕಿರಣವನ್ನು ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಓಲಾಡಿಸುವುದು. ಕಿರಣ ಓರೆಯಾದಾಗ ಸುತ್ತುವ ವೇಗದ ಸಣ್ಣ ಪಾಲು ಅದರ ನೇರಕ್ಕೆ ಬೀಳುತ್ತದೆ. ಅಂಥ ಹಲವಾರು ತುಣುಕುಗಳನ್ನು ಕೂಡಿಸಿ, ಎಂಥ ಸುಳಿ ಎಲ್ಲಿದ್ದರೆ ಇವು ಹೊಂದುತ್ತವೆ ಎಂದು ಗಣಕಯಂತ್ರ ಲೆಕ್ಕ ಹಾಕಬೇಕು. ಅದಕ್ಕೆ ಬಿಡುವಾದರೂ ಎಷ್ಟು? ಇಳಿಯುವ ವಿಮಾನ ಸೆಕೆಂಡಿಗೆ 70 ಮೀಟರ್ ಸಾಗಿದರೆ, ಒಂದು ಕಿಲೋಮೀಟರ್ ಮುಂದೆ ಕಂಡ ಸುಳಿಯನ್ನು ಮುಟ್ಟಲು 14 ಸೆಕೆಂಡು.

ಎತ್ತರದ ಗಾಳಿಯಲ್ಲಿ ಧೂಳೂ ವಿರಳ. ಆಗ ಗಾಳಿಯ ಅಣುಗಳಿಂದಲೇ ಬೆಳಕು ಚೆದರಬೇಕು. ಅದಕ್ಕೆ ನೇರಳಾತೀತ ಲೇಸರ್ ಒಳ್ಳೆಯದು. ಆದರೆ ಅಣುಗಳೋ ಶಾಖದಿಂದಾಗಿ ತಾವೇ ಸೆಕೆಂಡಿಗೆ ನೂರಾರು ಮೀಟರ್ ವೇಗದಲ್ಲಿ ಎತ್ತೆತ್ತಲೋ ಧಾವಿಸುತ್ತಿರುತ್ತವೆ. ಆ ಗದ್ದಲದಲ್ಲಿ ಗಾಳಿಯ ನಡಿಗೆಯನ್ನು ಹುಡುಕುವುದು ಸಂತೆಯಲ್ಲಿ ಪಿಸುಮಾತು ಆಲಿಸಿದಂತೆಯೇ.

2018ರಲ್ಲಿ ಜಪಾನಿನ ಬಾಹ್ಯಾಕಾಶ ಸಂಸ್ಥೆಯ ಲೈಡಾರನ್ನು ಬೋಯಿಂಗ್ 777 ಸರಕುವಿಮಾನದಲ್ಲಿ ಹಾರಿಸಿ ಪರೀಕ್ಷಿಸಿದರು. ಹದಿನೇಳು ಕಿಲೋಮೀಟರ್‌ಗೂ ಮುಂದಿನ ಪ್ರಕ್ಷುಬ್ಧ ಗಾಳಿಯನ್ನು ಮುಂಚಿತವಾಗಿ ಅರಿಯುವುದು ಅದರ ಗುರಿ. ಆದರೆ ಅದು ಪ್ರಕೃತಿಯ ವಿಶಾಲವಾದ ಅಲ್ಲೋಲಕಲ್ಲೋಲ. ಕೆಲವೇ ಮೀಟರ್ ಅಗಲದ ತಿರುಳುಳ್ಳ ಈ ಸುಳಿ ಅದಕ್ಕಿಂತ ಕಿರಿದು, ಅದಕ್ಕಿಂತ ಕಪಟಿ. ಇಲ್ಲದ ಸುಳಿಯನ್ನು ಇದೆಯೆಂದು ಸಾರುವ ಉಪಕರಣವನ್ನು ಚಾಲಕರು ಎರಡು ದಿನವೂ ನಂಬಲಾರರು. ಪ್ರಯಾಣಿಕ ವಿಮಾನಗಳಲ್ಲಿ ಇಂಥದ್ದು ಇನ್ನೂ ವಾಡಿಕೆಗೆ ಬಂದಿಲ್ಲ.

ಆ ದಿನ ನಾನು ಪಕ್ಕದ ಹಿರಿಯರಿಗೆ ಇಷ್ಟನ್ನೂ ಹೇಳಲು ಹೊರಟಿದ್ದೆ. ಸುಳಿ ಕೆಳಗಿಳಿಯುತ್ತದೆ ಎಂಬಲ್ಲಿಗೆ ಬರುವಷ್ಟರಲ್ಲಿ ನಮ್ಮ ವಿಮಾನ ಓಡತೊಡಗಿತು.