ಬಾಲುಸ್ ಬರುವ ಊರುಗಳು

ಪಾಪುವಾ ನ್ಯೂಗಿನಿಯ ಆಡುಮಾತಾದ ಟೋಕ್ ಪಿಸಿನ್‌ನಲ್ಲಿ ವಿಮಾನಕ್ಕೆ 'ಬಾಲುಸ್' ಎನ್ನುತ್ತಾರೆ. ಪಾರಿವಾಳಕ್ಕೂ ಅದೇ ಹೆಸರು. ಬೆಟ್ಟದ ಓರೆಯಲ್ಲಿ ಕಾಡು ಕಡಿದು, ನೆಲ ಸಮ ಮಾಡಿ ಬಿಟ್ಟ ಹುಲ್ಲಿನ ಪಟ್ಟಿಯೇ 'ಪ್ಲೆಸ್ ಬಾಲುಸ್'. ಇಂಥ ಎಷ್ಟೋ ಪಟ್ಟಿಗಳನ್ನು ಊರಿನವರೇ ಸಲಿಕೆ, ಹಾರೆ ಹಿಡಿದು ಕಡಿದಿದ್ದಾರೆ. ಕೆಲವಕ್ಕೆ ವರ್ಷಗಳೇ ಹಿಡಿದಿವೆ. ರಸ್ತೆ ಮುಟ್ಟದ ಆ ಕಣಿವೆಗಳಿಂದ ಆಸ್ಪತ್ರೆಗೆ ನಡೆದೇ ಹೋಗಬೇಕೆಂದರೆ ದಿನಗಟ್ಟಲೆ ದಾರಿ. ಬಾಲುಸ್ ಹತ್ತಿದರೆ ಎಷ್ಟೋ ಊರಿಂದ ಒಂದು ಗಂಟೆಯೂ ಬೇಡ.

ಈ ಊರುಗಳಿಗೆ ಹಾರುವವರಲ್ಲಿ ಹಳಬರು ಮಿಷನ್ ಏವಿಯೇಷನ್ ಫೆಲೋಶಿಪ್‌ನವರು. ಎರಡನೆಯ ಮಹಾಯುದ್ಧದಲ್ಲಿ ಹಾರಿದ್ದ ಕ್ರೈಸ್ತ ಪೈಲಟ್‌ಗಳು ಯುದ್ಧ ಮುಗಿಯುವ ಹೊತ್ತಿಗೆ ಕಟ್ಟಿಕೊಂಡ ಸಂಸ್ಥೆ ಇದು. ಅಮೆರಿಕದ ಶಾಖೆಯ ಮೊದಲ ಹಾರಾಟ 1946ರಲ್ಲಿ ನಡೆಯಿತು. ಆ ವಿಮಾನ ನಡೆಸಿದವರು ಬೆಟ್ಟಿ ಗ್ರೀನ್ ಎಂಬ ಹೆಣ್ಣುಮಗಳು. ನ್ಯೂಗಿನಿಯಲ್ಲಿ ಕೆಲಸ ಶುರುವಾದದ್ದು 1951ರಲ್ಲಿ. ಅದೇ ವರ್ಷ ಅಲ್ಲಿನ ಮೊದಲ ಪೈಲಟ್ ಹ್ಯಾರಿ ಹಾರ್ಟ್‌ವಿಗ್ ಅಪಘಾತದಲ್ಲಿ ತೀರಿಕೊಂಡರು. ಹಾರಾಟ ಮಾತ್ರ ನಿಲ್ಲಲಿಲ್ಲ.

ಪೈಲಟ್‌ನ ದಿನ ಬೆಳಕು ಹರಿಯುವ ಮೊದಲೇ ಶುರುವಾಗುತ್ತದೆ. ಬಿಸಿಲೇರಿದಂತೆ ಮೋಡ ಬೆಟ್ಟಸಾಲಿಗೆ ಕವಿಯುತ್ತದೆ, ಎರಡು ಶಿಖರಗಳ ನಡುವಿನ ಕಂಡಿ ಮುಚ್ಚಿಹೋಗುತ್ತದೆ. ಅಲ್ಲಿ ಕಣ್ಣಿಗೆ ಕಂಡದ್ದನ್ನು ನಂಬಿ ಹಾರಬೇಕು. ಆದ್ದರಿಂದ ಹೊರಡುವ ಮೊದಲು ರೇಡಿಯೋದಲ್ಲಿ ಪಟ್ಟಿಯನ್ನು ನೋಡಿಕೊಳ್ಳುವ ಊರಿನ ಏಜೆಂಟನನ್ನು ಕೇಳುವುದುಂಟು: ಎದುರಿನ ಗುಡ್ಡ ಕಾಣುತ್ತಿದೆಯೆ? ರಾತ್ರಿ ಮಳೆ ಬಂತೆ? ನೆಲ ಕೆಸರಾಗಿದೆಯೆ? ಉಪಗ್ರಹದ ಚಿತ್ರ ಎಷ್ಟಿದ್ದರೂ, ಆ ಕಣಿವೆಯಲ್ಲಿ ನಿಂತು ನೋಡಿದವನ ಮಾತಿಗೆ ಇರುವ ತೂಕವೇ ಬೇರೆ.

ಆಮೇಲೆ ತೂಗುವ ಕೆಲಸ. ಮೂಟೆ ಮಾತ್ರವಲ್ಲ, ಜನರನ್ನೂ ತಕ್ಕಡಿಯ ಮೇಲೆ ನಿಲ್ಲಿಸುತ್ತಾರೆ. ಹಣೆಯಿಂದ ಬೆನ್ನಿಗೆ ಇಳಿಬಿಟ್ಟ ಬಿಲುಮ್ ಎಂಬ ಹೆಣಿಗೆಯ ಚೀಲ, ಅದರೊಳಗೆ ಮಲಗಿದ ಕೂಸು, ಸಿಹಿಗೆಣಸು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಎತ್ತರದಲ್ಲಿ ಗಾಳಿ ತೆಳು. ರೆಕ್ಕೆಗೂ ಎಂಜಿನ್ನಿಗೂ ಬಲ ಸಾಲದು. ಒಂದೇ ಎಂಜಿನ್ನಿನ ಸೆಸ್ನಾ ಕ್ಯಾರವಾನ್ ಸುಮಾರು ಒಂದು ಟನ್ ಹೊರಬಲ್ಲದಾದರೂ, ಗಿಡ್ಡ ಪಟ್ಟಿಯಿಂದ ಏಳಬೇಕಾದಾಗ ಅಷ್ಟು ಹೇರುವಂತಿಲ್ಲ. ಯಾರನ್ನೋ, ಯಾವ ಮೂಟೆಯನ್ನೋ ಬಿಟ್ಟು ಹೊರಡಬೇಕಾಗುತ್ತದೆ. ಈ ಕೆಲಸದಲ್ಲಿ ಅತ್ಯಂತ ಕಷ್ಟದ ಗಳಿಗೆ ಇದೇ ಇರಬೇಕು ಎಂದು ನನಗನ್ನಿಸುತ್ತದೆ.

ಇಳಿಯುವುದು ಇನ್ನೊಂದು ವಿದ್ಯೆ. ಎಷ್ಟೋ ಪಟ್ಟಿಗಳ ಒಂದು ತುದಿಗೆ ಪ್ರಪಾತ, ಇನ್ನೊಂದು ತುದಿಗೆ ಗುಡ್ಡದ ಗೋಡೆ. ಏರುಮುಖವಾಗಿ ಇಳಿದು, ಇಳಿಮುಖವಾಗಿ ಓಡಿ ಏಳಬೇಕು. ಹತ್ತಿರವಾಗುತ್ತ ಒಂದು ಬಿಂದು ದಾಟಿದರೆ ಮತ್ತೆ ಮೇಲೇಳುವ ದಾರಿಯೇ ಇಲ್ಲ, ಇಳಿಯಲೇಬೇಕು. ಹಂದಿಯೋ ಮಗುವೋ ಅಡ್ಡ ಬಂದಿದ್ದರೆ ಆ ಬಿಂದುವಿಗೆ ಮೊದಲೇ ಕಾಣಬೇಕು. ಹಾಗಾಗಿ ಎಷ್ಟು ಅನುಭವಿಯಾದರೂ ಹೊಸ ಪಟ್ಟಿಗೆ ಒಂಟಿಯಾಗಿ ಕಳಿಸುವುದಿಲ್ಲ. ಅದನ್ನು ಬಲ್ಲ ಹಿರಿಯ ಪೈಲಟ್ ಪಕ್ಕದಲ್ಲಿ ಕೂತು ಕಲಿಸಿ, ಒಪ್ಪಬೇಕು.

ಹೋಗುವಾಗ ಲಸಿಕೆ, ಉಪ್ಪು, ಸಾಬೂನು, ಶಾಲೆಯ ಪುಸ್ತಕ, ಚಾವಣಿಯ ತಗಡು. ಬರುವಾಗ ಕಾಫಿ. ಚಿಕ್ಕಮಗಳೂರು, ಕೊಡಗಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಣಗಿಸಿದ ಬೀಜ ಮೂಟೆಯಲ್ಲೇ ಉಳಿದರೆ ಆ ವರ್ಷದ ದುಡಿಮೆಯೆಲ್ಲ ಮನೆಯ ಮೂಲೆಯಲ್ಲಿ. ನಡುವೆ ರೇಡಿಯೋ ಕರೆ ಬಂದರೆ ಎಲ್ಲ ಬದಲಾಗುತ್ತದೆ. ಹೆರಿಗೆಯಲ್ಲಿ ಮಗು ಅಡ್ಡವಾಗಿದೆ, ಮರದಿಂದ ಬಿದ್ದವನ ಸೊಂಟ ಮುರಿದಿದೆ. ಸೀಟು ಕಳಚಿ ಸ್ಟ್ರೆಚರ್ ಹಾಸುತ್ತಾರೆ. ಆಸ್ಪತ್ರೆಯಲ್ಲಿ ತೀರಿಕೊಂಡವರ ಪೆಟ್ಟಿಗೆಯನ್ನು ಊರಿಗೆ ಮುಟ್ಟಿಸುವುದೂ ಇದೇ ಪೈಲಟ್. ಅಳುವ ಮನೆಯವರು ಹಿಂದೆ ಕೂತಿರುವಾಗ ಮುಂದಿನ ಕಂಡಿಯ ಮೇಲೆ ಕಣ್ಣಿಟ್ಟಿರುವುದು ಸುಲಭವಲ್ಲ.

ನ್ಯೂಗಿನಿ ದ್ವೀಪದ ಪಶ್ಚಿಮ ಭಾಗ, ಇಂಡೋನೇಷ್ಯಾದ ಪಾಪುವಾದಲ್ಲೂ ಈ ಸೇವೆಯಿದೆ. 2020ರ ಮೇ 12ರಂದು ಜಾಯ್ಸ್ ಲಿನ್ ಎಂಬ 40 ವರ್ಷದ ಪೈಲಟ್ ಸೆಂಟಾನಿಯಿಂದ ಮಾಮಿಟ್ ಎಂಬ ಹಳ್ಳಿಗೆ ಹೊರಟರು. ವಿಮಾನದಲ್ಲಿದ್ದದ್ದು ಕೋವಿಡ್ ಪರೀಕ್ಷೆಯ ಕಿಟ್‌ಗಳು ಮತ್ತು ಶಾಲೆಯ ಸಾಮಾನು. ಮೇಲೆದ್ದ ಕೆಲವೇ ನಿಮಿಷಗಳಲ್ಲಿ ವಿಮಾನ ಸೆಂಟಾನಿ ಸರೋವರಕ್ಕೆ ಬಿತ್ತು. ಎಂಐಟಿಯಲ್ಲಿ ಓದಿದ್ದ ಅವರು ಕಂಪ್ಯೂಟರ್ ಕೆಲಸದ ಹಾದಿ ಬಿಟ್ಟು ಇದನ್ನು ಆರಿಸಿಕೊಂಡಿದ್ದರು.

ಈ ಸೇವೆ ಪೈಲಟ್‌ನ ಮೇಲೆ ನಿಂತಿರುವಷ್ಟೇ ಹುಲ್ಲು ಕೊಯ್ಯುವವರ ಮೇಲೂ ನಿಂತಿದೆ. ಮಳೆನಾಡಿನ ಹುಲ್ಲು ಕೆಲವೇ ವಾರಗಳಲ್ಲಿ ಮೊಣಕಾಲು ಮುಟ್ಟುತ್ತದೆ, ನೀರು ಕೊರೆದ ಗುಂಡಿ ಅದರಡಿ ಅಡಗಿಬಿಡುತ್ತದೆ. ಹುಲ್ಲು ಬೆಳೆದು ಪಟ್ಟಿ ಮುಚ್ಚಿದರೆ ಆ ಊರಿನ ಲಸಿಕೆಯ ದಾರಿ ಅಲ್ಲಿಗೆ ನಿಂತಿತು. ಅದಕ್ಕೇ ಹೆಂಗಸರು ಗಂಡಸರು ಸಾಲಾಗಿ ನಿಂತು, ಬಾಗಿ, ಉದ್ದನೆಯ ಕತ್ತಿ ಬೀಸುತ್ತ ಪಟ್ಟಿಯ ಉದ್ದಕ್ಕೂ ಸಾಗುತ್ತಾರೆ. ಕೊಯ್ದು ಮುಗಿದ ಮೇಲೆ ಏಜೆಂಟ್ ರೇಡಿಯೋ ಹಚ್ಚಿ ತಿಳಿಸುತ್ತಾನೆ: ನೆಲ ಸಿದ್ಧವಾಗಿದೆ, ಬನ್ನಿ.