ಹೆಂಗಸರು ಪಾದ್ರಿಗಳಾದ ಬಗೆ

ಅಬಿಡ್ಸ್ ಎಂದರೆ ಹೈದರಾಬಾದಿನ ಕನ್ನಡಿಗರಿಗೆ ಮೊದಲು ನೆನಪಾಗುವುದು ಭಾನುವಾರದ ಹಳೆ ಪುಸ್ತಕಗಳ ಸಂತೆ. ಅಂಗಡಿಗಳ ಷಟರ್ ಇಳಿದಿರುತ್ತವೆ, ಅವುಗಳ ಮುಂದಿನ ಫುಟ್‌ಪಾತಿನ ಮೇಲೆ ಪುಸ್ತಕದ ರಾಶಿ ಬಿದ್ದಿರುತ್ತದೆ. ಆರನೇ ನಿಜಾಮ ಮೆಹಬೂಬ್ ಅಲಿ ಪಾಷಾನ ಆಪ್ತ ಸೇವಕನಾಗಿದ್ದ ಆಲ್ಬರ್ಟ್ ಅಬಿಡ್ ಎಂಬ ಆರ್ಮೇನಿಯನ್ ಇಲ್ಲಿ ಅಂಗಡಿ ಇಟ್ಟಿದ್ದ. ಊರಿನ ಈ ಭಾಗಕ್ಕೆ ಅವನ ಹೆಸರೇ ನಿಂತಿತು. ಪುಸ್ತಕ ಕೊಳ್ಳುವವರು ಚೌಕಾಸಿ ಮಾಡುವ ಅದೇ ಹೊತ್ತಿಗೆ ಸುತ್ತಲಿನ ಚರ್ಚುಗಳಲ್ಲಿ ಆರಾಧನೆ ನಡೆದಿರುತ್ತದೆ. ಕಾಲ್ನಡಿಗೆಯಲ್ಲೇ ಸುತ್ತಿ ಬರಬಹುದಾದ ಈ ಪ್ರದೇಶದಲ್ಲಿ ಕ್ರೈಸ್ತ ಸಭೆಯನ್ನು ಆಳುವ ಮೂರು ಬಗೆಗಳು ಅಕ್ಕಪಕ್ಕ ಇವೆ. ಹೆಂಗಸು ಪಾದ್ರಿಯಾಗಬಹುದೇ ಎಂಬ ಪ್ರಶ್ನೆಗೆ ಮೂರರ ಉತ್ತರವೂ ಬೇರೆ ಬೇರೆ.

ಗನ್‌ಫೌಂಡ್ರಿಯ ಸೇಂಟ್ ಜೋಸೆಫ್ ಕೆಥೆಡ್ರಲ್ ಕ್ಯಾಥೊಲಿಕರದು. ಅಲ್ಲಿ ಉತ್ತರ ರೋಮಿನಿಂದ ಬರುತ್ತದೆ. ಆಗುವುದಿಲ್ಲ ಎಂದು 1994ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಬರೆದು ಮುಗಿಸಿದರು. ಚಾಪೆಲ್ ರೋಡಿನಲ್ಲಿ ಮೆಥಡಿಸ್ಟರ ಸಂಸ್ಥೆಗಳಿವೆ. 1895ರಲ್ಲಿ ಆರಂಭವಾದ ಸ್ಟ್ಯಾನ್ಲಿ ಹೆಣ್ಣುಮಕ್ಕಳ ಶಾಲೆ ಅವರದೇ. ನಿಜಾಮರ ಸೀಮೆಯಲ್ಲಿದ್ದ ಬೀದರಿಗೆ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹೋಗಿ ಕನ್ನಡ ಸಭೆಗಳನ್ನು ಕಟ್ಟಿದವರೂ ಈ ಅಮೆರಿಕನ್ ಮೆಥಡಿಸ್ಟರೇ. ಅವರಲ್ಲಿ ಬಿಷಪ್ ಇದ್ದಾರೆ, ಸಮ್ಮೇಳನವೂ ಇದೆ. ಅಮೆರಿಕದ ಅವರ ಮಾತೃಸಭೆ 1956ರಲ್ಲಿ ಹೆಂಗಸರಿಗೆ ಪಾದ್ರಿಗಳ ಪೂರ್ಣ ಹಕ್ಕು ಕೊಟ್ಟಿತು. ಮೂರನೆಯದು ಸೇಂಟ್ ಜಾರ್ಜ್ ಚರ್ಚ್. ಸಭೆಯ ಆರಂಭ 1844ರದು, ಈಗಿನ ಕಲ್ಲಿನ ಕಟ್ಟಡ 1860ರ ದಶಕದ್ದು. ಕಟ್ಟಿದಾಗ ಅದು ಆಂಗ್ಲಿಕನ್ನರದು. 1947ರಿಂದ ದಕ್ಷಿಣ ಭಾರತ ಸಭೆಯದು, ಅಂದರೆ ಎಲ್ಲರ ಬಾಯಲ್ಲಿರುವ ಸಿ.ಎಸ್.ಐ.ಯದು. ಸದ್ಯ ಮೆದಕ್ ಡಯಾಸಿಸ್‌ಗೆ, ಅಂದರೆ ಮೆದಕ್ ಬಿಷಪ್ಪರ ಆಡಳಿತ ಪ್ರದೇಶಕ್ಕೆ, ಸೇರಿದೆ. ಈ ಲೇಖನ ಮೂರನೆಯವರ ಕುರಿತು. ಅವರ ಕಥೆ ನೇರ ದಾರಿಯಲ್ಲಿ ಸಾಗಲಿಲ್ಲ, ಅದಕ್ಕೇ ಹೇಳುವಂತಿದೆ.

ಸಿ.ಎಸ್.ಐ. ಒಂದು ಕೂಡು ಕುಟುಂಬ. ಆಂಗ್ಲಿಕನ್ನರು, ಬ್ರಿಟಿಷ್ ಮೆಥಡಿಸ್ಟರು ಮತ್ತು ದಕ್ಷಿಣ ಭಾರತ ಐಕ್ಯ ಸಭೆಯವರು ಅದರಲ್ಲಿ ಸೇರಿದರು. ಈ ಐಕ್ಯ ಸಭೆ 1908ರಲ್ಲಿ ಪ್ರೆಸ್ಬಿಟೇರಿಯನ್ನರೂ ಕಾಂಗ್ರಿಗೇಷನಲ್ ಪಂಥದವರೂ ಒಂದಾಗಿ ಹುಟ್ಟಿಸಿದ್ದು. ಪ್ರೆಸ್ಬಿಟೇರಿಯನ್ ಎಂದರೆ ಸ್ಕಾಟ್ಲೆಂಡಿನ ರೀತಿ. ಅಲ್ಲಿ ಬಿಷಪ್ಪನಿಲ್ಲ. ಸಭೆಯವರು ಆರಿಸಿದ ಹಿರಿಯರು ಪಾದ್ರಿಯ ಜೊತೆ ಕೂತು ಊರ ಸಭೆಯನ್ನು ನಡೆಸುತ್ತಾರೆ. ಅದರ ಮೇಲೆ ಪ್ರೆಸ್ಬಿಟರಿ, ಅದರ ಮೇಲೆ ಸಿನಾಡ್, ಎಲ್ಲಕ್ಕೂ ಮೇಲೆ ಜನರಲ್ ಅಸೆಂಬ್ಲಿ. ತೀರ್ಮಾನ ಒಬ್ಬನದಲ್ಲ, ಕೂಟದ್ದು. ಬೆಂಗಳೂರಿನ ಕಬ್ಬನ್ ರಸ್ತೆಯಲ್ಲಿ 1866ರಲ್ಲಿ ಬಾಗಿಲು ತೆರೆದ ಸೇಂಟ್ ಆಂಡ್ರ್ಯೂಸ್ ಚರ್ಚ್ ಈ ಸ್ಕಾಟಿಷ್ ಸಂಪ್ರದಾಯದ್ದು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರಲ್ಲೂ ಬಿಷಪ್ ಇರಲಿಲ್ಲ. ನಮ್ಮ ಕರಾವಳಿಯ, ಧಾರವಾಡದ ಪ್ರೊಟೆಸ್ಟಂಟರಿಗೆ ಬಿಷಪ್ ಎಂಬ ಹುದ್ದೆ ಪರಿಚಯವಾದದ್ದೇ 1947ರ ಐಕ್ಯದ ನಂತರ.

ಆ ಐಕ್ಯಕ್ಕೆ 28 ವರ್ಷ ಹಿಡಿಯಿತು. 1919ರಲ್ಲಿ ತರಂಗಂಬಾಡಿಯಲ್ಲಿ ಸೇರಿದ ಪಾದ್ರಿಗಳು ಮೊದಲ ಕರೆ ಕೊಟ್ಟರು. ಅವರ ಮುಂದಾಳು ದೋರ್ನಕಲ್‌ನ ಬಿಷಪ್ ವಿ.ಎಸ್. ಅಜರಯ್ಯ, 1912ರಲ್ಲಿ ಅಭಿಷಿಕ್ತರಾದ ಮೊದಲ ಭಾರತೀಯ ಆಂಗ್ಲಿಕನ್ ಬಿಷಪ್. ಮಾತುಕತೆ ನಡೆದದ್ದೆಲ್ಲ ಒಂದೇ ವಿಷಯದ ಸುತ್ತ: ಬಿಷಪ್ ತಲೆಯ ಮೇಲೆ ಕೈಯಿಡದೆ ಪಾದ್ರಿಯಾದವನು ಕರ್ತನ ಭೋಜನವನ್ನು ಬಡಿಸಬಹುದೇ? ಆಂಗ್ಲಿಕನ್ನರಿಗೆ ಇದು ಪ್ರಾಣದ ಪ್ರಶ್ನೆ. ಪ್ರೆಸ್ಬಿಟೇರಿಯನ್ನರಿಗೋ, ಹಾಗೆ ಕೇಳುವುದೇ ತಮ್ಮ ಹಿರಿಯರಿಗೆ ಮಾಡಿದ ಅವಮಾನ. ಕೊನೆಗೆ ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟರು. ಬಿಷಪ್ ಇರಲಿ, ಆದರೆ ಸಭೆ ಆರಿಸಿದವನಾಗಿರಲಿ, ಸಂವಿಧಾನಕ್ಕೆ ಬದ್ಧನಾಗಿರಲಿ. ಇರುವ ಪಾದ್ರಿಗಳು ಹಾಗೇ ಮುಂದುವರಿಯಲಿ, ಇನ್ನು ಮುಂದಿನ ದೀಕ್ಷೆ ಮಾತ್ರ ಬಿಷಪ್ಪನ ಕೈಯಿಂದ. ಪಾದ್ರಿಗೆ ಪ್ರೆಸ್ಬಿಟರ್ ಎಂಬ ಹೆಸರು, ಪಾಸ್ಟರೇಟ್ ಕಮಿಟಿ, ಡಯಾಸಿಸ್ ಕೌನ್ಸಿಲ್, ಸಿನಾಡ್, ಅದಕ್ಕೊಬ್ಬ ಮಾಡರೇಟರ್ – ಇದೆಲ್ಲ ಹಿರಿಯರ ಕೂಟದ ಸಂಪ್ರದಾಯದಿಂದ ಬಂತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲ್‌ನಲ್ಲಿ ಐಕ್ಯ ಘೋಷಣೆಯಾಯಿತು. ಅಜರಯ್ಯ ಅದನ್ನು ನೋಡಲಿಲ್ಲ. 1945ರ ಜನವರಿ 1ರಂದೇ ತೀರಿಕೊಂಡಿದ್ದರು. ಸ್ಕಾಟ್ಲೆಂಡಿನ ಪ್ರೆಸ್ಬಿಟೇರಿಯನ್ ಮಿಷನರಿ ಲೆಸ್ಲಿ ನ್ಯೂಬಿಗಿನ್ ಐಕ್ಯದ ವರ್ಷವೇ ಮದುರೈಯ ಬಿಷಪ್ ಆದರು. ಬಿಷಪ್ಪನೇ ಬೇಡವೆನ್ನುವ ಮನೆಯಿಂದ ಬಂದು ಬಿಷಪ್ ಆದವರು!

ಈ 28 ವರ್ಷಗಳ ವಾದದಲ್ಲಿ ಯಾರ ಕೈ ಯಾರ ತಲೆಯ ಮೇಲೆ ಎಂಬುದರ ಬಗ್ಗೆ ಸಾವಿರಾರು ಪುಟ ಬರೆದರು. ಆ ತಲೆ ಹೆಂಗಸಿನದಾಗಿದ್ದರೆ ಎಂಬುದು ದೊಡ್ಡ ಜಗಳಗಳ ಪಟ್ಟಿಯಲ್ಲೇ ಇರಲಿಲ್ಲ. ಕೂಡಿಕೊಂಡ ಪಂಥಗಳಲ್ಲಿ ಒಂದಕ್ಕೆ ಆ ವಿಷಯ ಹೊಸದೂ ಆಗಿರಲಿಲ್ಲ. ಇಂಗ್ಲೆಂಡಿನ ಕಾಂಗ್ರಿಗೇಷನಲ್ ಪಂಥದವರು 1917ರಲ್ಲೇ ಕಾನ್‌ಸ್ಟನ್ಸ್ ಕೋಲ್ಟ್‌ಮನ್ ಅವರಿಗೆ ದೀಕ್ಷೆ ಕೊಟ್ಟಿದ್ದರು. ಯುದ್ಧದ ನಡುವೆ, 1944ರಲ್ಲಿ, ಹಾಂಗ್‌ಕಾಂಗ್‌ನ ಆಂಗ್ಲಿಕನ್ ಬಿಷಪ್ ಒಬ್ಬರು ಫ್ಲಾರೆನ್ಸ್ ಲಿ ಟಿಮ್ ಓಯ್ ಎಂಬ ಚೀನೀ ಮಹಿಳೆಯನ್ನು ಪಾದ್ರಿಯಾಗಿಸಿ ಗದ್ದಲವನ್ನೂ ಎಬ್ಬಿಸಿದ್ದರು. ಆದರೂ ಇಲ್ಲಿ ಮೌನ. ಐಕ್ಯ ಮುರಿದೀತು ಎಂಬ ಹೆದರಿಕೆ ಇತ್ತೆಂದು ಊಹಿಸಬಹುದು. ನನಗೆ ಅನಿಸುವುದು ಬೇರೆ: ಮೇಜಿನ ಸುತ್ತ ಕೂತವರಿಗೆ ಅದೊಂದು ಪ್ರಶ್ನೆ ಎಂದೇ ತೋಚಿರಲಿಕ್ಕಿಲ್ಲ.

ಹಳ್ಳಿಗಳಲ್ಲಿ ನಡೆಯುತ್ತಿದ್ದುದು ಇನ್ನೊಂದು. ತೆಲಂಗಾಣದ ಮಾಲ, ಮಾದಿಗ ಕೇರಿಗಳಲ್ಲಿ ಸಭೆ ಬೆಳೆದದ್ದು ಪಾದ್ರಿಯ ಪ್ರಸಂಗದಿಂದಷ್ಟೇ ಅಲ್ಲ. ಮನೆಮನೆಗೆ ಹೋಗಿ ಕಥೆ ಹೇಳಿ, ಓದು ಕಲಿಸಿ, ಹೆರಿಗೆ-ಸಾವುಗಳಲ್ಲಿ ಜೊತೆ ನಿಂತವರು ಬೈಬಲ್ ಹೆಂಗಸರು. ಅಜರಯ್ಯನವರು ಇದನ್ನು ಬಲ್ಲವರು. ದೋರ್ನಕಲ್‌ನಲ್ಲಿ ಪಾದ್ರಿಯಾಗಲು ಓದುವವರ ಹೆಂಡತಿಯರಿಗೂ ಪಾಠ ನಡೆಯುತ್ತಿತ್ತು. ಗಂಡ ಒಂದು ಊರಿಗೆ ಹೋದರೆ ದುಡಿಯುವವರು ಇಬ್ಬರು, ಸಂಬಳ ಒಬ್ಬರಿಗೆ. ತೆಲುಗು ಸಭೆಗಳಲ್ಲಿ ಪಾದ್ರಿ ‘ಅಯ್ಯಗಾರು’, ಅವರ ಹೆಂಡತಿ ‘ಅಮ್ಮಗಾರು’. ಅಮ್ಮಗಾರು ಹೇಳಿದ ಮಾತು ಕೇರಿಯಲ್ಲಿ ನಡೆಯುತ್ತಿತ್ತು. ದೀಕ್ಷೆ ಮಾತ್ರ ಅಯ್ಯಗಾರಿಗೆ.

1952ರಲ್ಲಿ ಸಿ.ಎಸ್.ಐ. ಸೇವೆಗೆ ಬರುವ ಹೆಂಗಸರಿಗಾಗಿ ಸಿಸ್ಟರ್‌ಗಳ ಒಂದು ಸಂಘ ಕಟ್ಟಿತು. ಅಜರಯ್ಯನವರ ಜೀವನಚರಿತ್ರೆ ಬರೆದ ಕ್ಯಾರೊಲ್ ಗ್ರಹಾಂ ಅದರ ಹಿಂದಿನ ಶಕ್ತಿ. ಬೆಂಗಳೂರಿನ ವಿಶ್ರಾಂತಿ ನಿಲಯ ಅದರ ನೆಲೆಯಾಯಿತು. ಇದು ಒಳ್ಳೆಯ ಹೆಜ್ಜೆ, ಆದರೆ ಪಕ್ಕಕ್ಕೆ ಇಟ್ಟ ಹೆಜ್ಜೆ. ಸಿಸ್ಟರ್ ಕಲಿಸಬಹುದು, ಶುಶ್ರೂಷೆ ಮಾಡಬಹುದು. ರೊಟ್ಟಿ ಮುರಿಯುವ ಪೀಠದ ಬಳಿಗೆ ಹೋಗುವಂತಿಲ್ಲ.

ಬದಲಾವಣೆ ಬಂದದ್ದು 1970ರ ದಶಕದಲ್ಲಿ. ಹೊರಗಿನ ಗಾಳಿಯೂ ಬದಲಾಗಿತ್ತು. ಅಮೆರಿಕದ ಪ್ರೆಸ್ಬಿಟೇರಿಯನ್ನರು 1930ರಲ್ಲಿ ಹೆಂಗಸರನ್ನು ಹಿರಿಯರನ್ನಾಗಿ ಒಪ್ಪಿ, 1956ರಲ್ಲಿ ಮಾರ್ಗರೆಟ್ ಟೌನರ್ ಅವರಿಗೆ ಪಾದ್ರಿ ದೀಕ್ಷೆ ಕೊಟ್ಟರು. ಸ್ಕಾಟ್ಲೆಂಡ್ 1966ರಲ್ಲಿ ಹಿರಿಯರ ಸ್ಥಾನವನ್ನೂ 1968ರಲ್ಲಿ ಪಾದ್ರಿ ಸ್ಥಾನವನ್ನೂ ಹೆಂಗಸರಿಗೆ ತೆರೆಯಿತು. ಕ್ರಮವನ್ನು ಗಮನಿಸಿ: ಎರಡೂ ಕಡೆ ಮೊದಲು ಆಡಳಿತದ ಕುರ್ಚಿ, ಆಮೇಲೆ ಪೀಠ. ಒಳಗೂ ಕಾರಣಗಳಿದ್ದವು. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜು, ರಾಜಮಂಡ್ರಿಯಲ್ಲಿ 1964ರಲ್ಲಿ ಆರಂಭವಾಗಿ ನಂತರ ಹೈದರಾಬಾದಿಗೆ ಬಂದ ಆಂಧ್ರ ಕ್ರಿಶ್ಚಿಯನ್ ಥಿಯಲಾಜಿಕಲ್ ಕಾಲೇಜು ಮುಂತಾದ ಕಡೆ ಹೆಣ್ಣುಮಕ್ಕಳು ಗಂಡಸರ ಸರಿಸಮನಾಗಿ ಪಾಸಾಗತೊಡಗಿದ್ದರು. ಪದವಿ ಕೊಟ್ಟ ಮೇಲೆ ಕೆಲಸ ಇಲ್ಲ ಎನ್ನುವುದಕ್ಕೆ ಯಾವ ವಚನ ತೋರಿಸುವುದು? ಸಿನಾಡ್ ಒಪ್ಪಿತು. ಆ ದಶಕದ ನಡುವಿನಿಂದ ಹೆಂಗಸರಿಗೆ ಪ್ರೆಸ್ಬಿಟರ್ ದೀಕ್ಷೆ ಆರಂಭವಾಯಿತು. ಇಂಗ್ಲೆಂಡಿನ ಆಂಗ್ಲಿಕನ್ ಸಭೆ ಅಲ್ಲಿಗೆ ತಲುಪಿದ್ದು 1994ರಲ್ಲಿ.

ಇದೇ ಕಾಲದಲ್ಲಿ ಕರ್ನಾಟಕದಲ್ಲೂ ಒಂದು ಹಳೆಯ ಬಾಗಿಲು ತೆರೆಯಿತು. 1970ರಲ್ಲಿ ಧಾರವಾಡದಲ್ಲಿ ಲಿಂಗಾಯತರ ಮಾತೆ ಮಹಾದೇವಿ ಜಗದ್ಗುರು ಪೀಠವೇರಿದರು. ಎರಡು ಧರ್ಮಗಳ ನಡುವೆ ಸಂಪರ್ಕವೇನೂ ಇರಲಿಲ್ಲ. ಕಾಲ ಒಂದೇ ಆಗಿತ್ತು. ಆದರೆ ಅಲ್ಲಿ ಒಬ್ಬ ಗುರು ದೀಕ್ಷೆ ಕೊಟ್ಟರೆ ಸಾಕಾಯಿತು. ಇಲ್ಲಿ ಪಾಸ್ಟರೇಟ್ ಒಪ್ಪಬೇಕು, ಡಯಾಸಿಸ್ ಒಪ್ಪಬೇಕು, ಕಮಿಟಿ ಒಪ್ಪಬೇಕು. ಸಿನಾಡ್ ಹಾದಿ ತೆರೆದರೂ ಪ್ರತಿ ಡಯಾಸಿಸ್ ತನಗೆ ಬೇಕಾದ ವೇಗದಲ್ಲಿ ನಡೆಯಿತು.

ಈಗ ನಂದ್ಯಾಲಕ್ಕೆ ಬರೋಣ. ಮಂತ್ರಾಲಯಕ್ಕೆ ಹೋಗಿಬರುವ ಕನ್ನಡಿಗರಿಗೆ ಕರ್ನೂಲು ಸೀಮೆ ಹೊಸದಲ್ಲ. ನಂದ್ಯಾಲ ಅದರ ಪೂರ್ವಕ್ಕಿದೆ. 1947ರಲ್ಲಿ ದೋರ್ನಕಲ್ ಡಯಾಸಿಸ್ ಐಕ್ಯಕ್ಕೆ ಸೇರಿದಾಗ ನಂದ್ಯಾಲದ ಆಂಗ್ಲಿಕನ್ನರು ಒಲ್ಲೆವೆಂದು ಹೊರಗುಳಿದರು. ಬಿಷಪ್ಪನ ಕೈಯಿಂದ ದೀಕ್ಷೆ ಪಡೆಯದ ಪಾದ್ರಿಗಳನ್ನು ಒಪ್ಪಲು ಅವರು ಸಿದ್ಧರಿರಲಿಲ್ಲ. 30,000ಕ್ಕೂ ಹೆಚ್ಚು ಜನ, ಅಜರಯ್ಯನವರ ಸ್ವಂತ ಡಯಾಸಿಸ್‌ನೊಳಗೇ, ಅವರ ಕನಸಿಗೆ ಬೆನ್ನು ತಿರುಗಿಸಿದರು. ಆ ಭಾಗ ಸಿ.ಎಸ್.ಐ.ಗೆ ಸೇರಿದ್ದು 1975ರಲ್ಲಿ. ಇಡೀ ದಕ್ಷಿಣ ಭಾರತದಲ್ಲಿ ಸಂಪ್ರದಾಯಕ್ಕೆ ಅಷ್ಟು ಗಟ್ಟಿಯಾಗಿ ಅಂಟಿಕೊಂಡ ಇನ್ನೊಂದು ತೆಲುಗು ಸೀಮೆ ಇರಲಿಲ್ಲ.

2013ರ ಸೆಪ್ಟೆಂಬರ್ ಕೊನೆಯಲ್ಲಿ ಸಿ.ಎಸ್.ಐ.ನ ಮೊದಲ ಮಹಿಳಾ ಬಿಷಪ್ ಅಭಿಷಿಕ್ತರಾದದ್ದು ಇದೇ ನಂದ್ಯಾಲದಲ್ಲಿ. ಅವರು ಎಗ್ಗೋನಿ ಪುಷ್ಪಲಲಿತ. ಕರ್ನೂಲು ಜಿಲ್ಲೆಯ ದಿಗುವಪಾಡು ಎಂಬ ಹಳ್ಳಿಯವರು, ಹೈದರಾಬಾದಿನ ಥಿಯಲಾಜಿಕಲ್ ಕಾಲೇಜಿನಲ್ಲಿ ಓದಿದವರು, 1980ರ ದಶಕದಿಂದ ಹಳ್ಳಿ ಸಭೆಗಳಲ್ಲಿ ದುಡಿದವರು. ಡಯಾಸಿಸ್ ಕೌನ್ಸಿಲ್ ಹೆಸರುಗಳ ಪಟ್ಟಿ ಕಳಿಸಿತು, ಸಿನಾಡ್ ಅದರಿಂದ ಇವರನ್ನು ಆರಿಸಿತು. ಬಿಷಪ್ಪನ ಹಸ್ತವೇ ಬೇಕೆಂದು ಹಟ ಹಿಡಿದು 28 ವರ್ಷ ದೂರ ಉಳಿದವರ ಮೊಮ್ಮಕ್ಕಳು ಹೆಣ್ಣಿನ ಹಸ್ತದ ಕೆಳಗೆ ತಲೆಬಾಗಿದರು. ಲಂಡನ್ನಿನ ಪತ್ರಿಕೆಗಳಿಗೆ ಇದು ಸುದ್ದಿಯಾಯಿತು. ಕಾರಣವಿತ್ತು: ಇಂಗ್ಲೆಂಡಿನ ಆಂಗ್ಲಿಕನ್ ಸಭೆಗೆ ಆಗಿನ್ನೂ ಮಹಿಳಾ ಬಿಷಪ್ ಇರಲಿಲ್ಲ. ಲಿಬ್ಬಿ ಲೇನ್ ಅಭಿಷಿಕ್ತರಾದದ್ದು 2015ರ ಜನವರಿಯಲ್ಲಿ.

ಅಲ್ಲಿಗೆ ಕಥೆ ಸುಖಾಂತ್ಯವಾಯಿತು ಎಂದು ಬರೆದವರಿದ್ದಾರೆ. ನಾನು ಒಪ್ಪುವುದಿಲ್ಲ. ಸಿ.ಎಸ್.ಐ. ಪಡೆದ ಆಸ್ತಿಯಲ್ಲಿ ಎರಡು ಪಾಲಿವೆ. ಬಿಷಪ್ಪನದು ಒಂದು, ಹಿರಿಯರ ಕೂಟದ್ದು ಇನ್ನೊಂದು. ಹೆಂಗಸರಿಗೆ ಮೊದಲನೆಯ ಪಾಲು ನಿರ್ಣಯದ ಮೂಲಕ, ಮೇಲಿನಿಂದ ಬಂತು. ಎರಡನೆಯದು ಕೆಳಗಿನಿಂದ, ಮತದಿಂದ ಬರಬೇಕು, ಮತ್ತು ಹಣ ಇರುವುದು ಅಲ್ಲೇ. ಶಾಲೆಗಳ ಕರೆಸ್ಪಾಂಡೆಂಟ್ ಹುದ್ದೆ, ಆಸ್ಪತ್ರೆ ಬೋರ್ಡು, ನಗರದ ನಡುವಿನ ಜಮೀನು, ಪಾದ್ರಿಗಳ ವರ್ಗಾವಣೆ, ಎಲ್ಲವೂ ಕಮಿಟಿಯ ಮೇಜಿನ ಮೇಲೆ ತೀರ್ಮಾನವಾಗುತ್ತವೆ. ಅಬಿಡ್ಸ್‌ನಂಥ ಜಾಗದಲ್ಲಿ ಒಂದು ಚರ್ಚ್ ಕಾಂಪೌಂಡಿನ ಬೆಲೆ ಎಷ್ಟೆಂದು ಯಾರಿಗೂ ಹೇಳಬೇಕಾಗಿಲ್ಲ. ಹೆಂಗಸರಿಗಾಗಿ ಸ್ತ್ರೀ ಮೈತ್ರಿಕೂಟವೆಂಬ ಬೇರೆ ಮನೆ ಇದೆ. ಅದರ ಅಧ್ಯಕ್ಷತೆ ಸಾಮಾನ್ಯವಾಗಿ ಬಿಷಪ್ಪರ ಹೆಂಡತಿಗೆ. ದುಡಿಮೆ, ಕಾಣಿಕೆ, ಉತ್ಸವ ಎಲ್ಲ ಅಲ್ಲಿ ಜೋರು. ಆದರೆ ಬೇರೆ ಮನೆ ಕಟ್ಟಿಕೊಟ್ಟರೆ ದೊಡ್ಡ ಮನೆಯ ಜಗಲಿಯಲ್ಲಿ ಜಾಗ ಕೇಳುವವರು ಕಡಿಮೆಯಾಗುತ್ತಾರೆ ಎಂಬುದು ಕಟ್ಟಿಕೊಟ್ಟವರಿಗೆ ಗೊತ್ತಿತ್ತೋ ಏನೋ.

ದೀಕ್ಷೆ ಪಡೆದ ಹೆಂಗಸರ ಪಾಡೂ ಇದಕ್ಕೆ ಹೊಂದಿಕೊಂಡೇ ಇದೆ. ಹಾಸ್ಟೆಲ್ ವಾರ್ಡನ್, ಶಾಲೆಯ ಚಾಪ್ಲಿನ್, ದೊಡ್ಡ ಸಭೆಯ ಸಹಾಯಕ ಪಾದ್ರಿ, ಇಲ್ಲವೇ ದೂರದ ಹಳ್ಳಿ. ಊರ ನಡುವಿನ ದೊಡ್ಡ ಸಭೆಯ ಮುಖ್ಯ ಹೊಣೆ ಹೆಂಗಸಿಗೆ ಸಿಕ್ಕರೆ ಅದು ಇಂದಿಗೂ ಮಾತಾಡಿಕೊಳ್ಳುವ ಸುದ್ದಿ. ಅಪವಾದಗಳಿವೆ. ಈ ಶತಮಾನದ ಆರಂಭದ ವರ್ಷಗಳಲ್ಲಿ ಪಾಲಿನ್ ಸತ್ಯಮೂರ್ತಿ ಸಿನಾಡಿನ ಪ್ರಧಾನ ಕಾರ್ಯದರ್ಶಿಯಾಗಿದ್ದರು. ಅದು ಪೀಠದ ಹುದ್ದೆಯಲ್ಲ, ಕಡತಗಳ ಹುದ್ದೆ. ನನ್ನ ಲೆಕ್ಕದಲ್ಲಿ ಬಿಷಪ್ ಹುದ್ದೆಯಷ್ಟೇ ದೊಡ್ಡ ಮಾತು, ಆದರೆ ಅದನ್ನು ಪತ್ರಿಕೆಗಳು ಅಷ್ಟಾಗಿ ಗಮನಿಸಲಿಲ್ಲ.

ಸಿನಾಡಿನಲ್ಲಿ ಈಚೆಗೆ ಜಗಳ ನಡೆದದ್ದು ಯಾವುದಕ್ಕೆ ಎಂದು ನೋಡಿದರೂ ಅಧಿಕಾರ ಎಲ್ಲಿದೆ ಎಂಬುದು ತಿಳಿಯುತ್ತದೆ. ಬಿಷಪ್ಪರ ನಿವೃತ್ತಿ ವಯಸ್ಸನ್ನು 67ರಿಂದ 70ಕ್ಕೆ ಏರಿಸುವ ತಿದ್ದುಪಡಿ, ಮಾಡರೇಟರ್ ಚುನಾವಣೆ – ಇವು ಕೋರ್ಟಿನ ಮೆಟ್ಟಿಲೇರಿದವು. 2024ರ ಏಪ್ರಿಲ್‌ನಲ್ಲಿ ಮದ್ರಾಸ್ ಹೈಕೋರ್ಟ್ ಚುನಾವಣೆ ನಡೆಸಲು ಇಬ್ಬರು ನಿವೃತ್ತ ನ್ಯಾಯಮೂರ್ತಿಗಳನ್ನು ಆಡಳಿತಾಧಿಕಾರಿಗಳನ್ನಾಗಿ ನೇಮಿಸಿತು. ಹಿರಿಯರ ಕೂಟವೇ ಆಳಬೇಕೆಂದು ಸ್ಕಾಟ್ಲೆಂಡಿನವರು ರಾಜರೊಡನೆ ಕಾದಾಡಿ ಉಳಿಸಿಕೊಂಡ ಪದ್ಧತಿ ಇಲ್ಲಿ ನ್ಯಾಯಾಧೀಶರ ಕೈಗೆ ಬಂದು ನಿಂತಿತು.

ಕಮಿಟಿಗಳಲ್ಲಿ ಹೆಂಗಸರಿಗೆ ಜಾಗ ಸಿಗದಿರುವುದಕ್ಕೆ ಮದ್ದು ಕರ್ನಾಟಕದವರಿಗೆ ಗೊತ್ತಿಲ್ಲದ್ದಲ್ಲ. 1987ರ ಜಿಲ್ಲಾ ಪರಿಷತ್, ಮಂಡಲ ಪಂಚಾಯತ್ ಚುನಾವಣೆಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ಹೆಂಗಸರಿಗೆ ಮೀಸಲಿಟ್ಟೆವು. ದೇಶ ಆ ದಾರಿಗೆ ಬಂದದ್ದು ಆಮೇಲೆ. ಗಂಡಂದಿರು ಹಿಂದೆ ಕೂತು ಸಹಿ ಹಾಕಿಸಿದರು ಎಂದು ನಕ್ಕವರಿದ್ದರು. ಎರಡು ಚುನಾವಣೆ ಕಳೆಯುವುದರೊಳಗೆ ಅನೇಕ ಕಡೆ ಆ ಹೆಂಗಸರು ತಾವೇ ಓದಿ ಸಹಿ ಹಾಕತೊಡಗಿದರು. ಸಭೆಯ ಆಡಳಿತಕ್ಕೂ ಅದು ಒಗ್ಗದಿರಲು ಕಾರಣ ಕಾಣುವುದಿಲ್ಲ.

ಓದುಗರಲ್ಲಿ ಸಿ.ಎಸ್.ಐ. ಸಭೆಯವರಿದ್ದರೆ ಒಂದು ಕೋರಿಕೆ. ಮುಂದಿನ ಪಾಸ್ಟರೇಟ್ ಚುನಾವಣೆಗೆ ಹೆಸರುಗಳ ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಿದಾಗ ನಿಂತು ಓದಿ. ಹೆಂಗಸರ ಹೆಸರು ಎಷ್ಟಿವೆ ಎಂದು ಎಣಿಸಿ. ಚುನಾವಣೆ ಮುಗಿದ ಮೇಲೆ ಖಜಾಂಚಿ ಯಾರಾದರೆಂದು ಕೇಳಿ.