ಮುಖಲೇಪನದ ಡಬ್ಬಿಯೊಳಗೇನಿದೆ?

ಮದುವೆಯ ಮಾತು ಬಂದಾಗ ಹುಡುಗಿಯ ಮೈಬಣ್ಣದ ಮಾತೂ ಬರುವುದು ನಮ್ಮವರಲ್ಲಿ ಹೊಸತೇನಲ್ಲ. ಊರಿನಲ್ಲಿ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆಗಳಲ್ಲಿ ಮುಗಿಯುತ್ತಿದ್ದ ಉಪಚಾರವು ಮುಂಬಯಿಗೆ ಬಂದ ಮೇಲೆ ಔಷಧದಂಗಡಿಯ ಕಪಾಟನ್ನೇರಿದೆ. ಅಲ್ಲಿರುವ ಶೀಸೆಗಳ ಮೇಲೆ ನಯಾಸಿನಮೈಡ್, ರೆಟಿನಾಲ್, ಸ್ಯಾಲಿಸಿಲಿಕ್ ಆಮ್ಲ ಎಂಬ ಹೆಸರುಗಳು ಕಾಣುತ್ತವೆ. ಇವೇ ಸಕ್ರಿಯ ದ್ರವ್ಯಗಳು. ಲೇಪನದ ಬಹುಭಾಗ ನೀರು, ಎಣ್ಣೆ, ಮೇಣಗಳು ಮಾತ್ರ. ಚರ್ಮದ ಮೇಲೆ ಮುಖ್ಯವಾದ ಕೆಲಸ ಮಾಡುವುದು ಅದರಲ್ಲಿ ಬೆರೆತಿರುವ, ಸಾಮಾನ್ಯವಾಗಿ ಶೇಕಡಾ ಕೆಲವೇ ಪಾಲಿನ ಈ ದ್ರವ್ಯ.

ಈ ಕತೆಗೂ ನಮ್ಮ ಅಂಧೇರಿಗೂ ನಂಟುಂಟು. 1975ರಲ್ಲಿ ‘ಫೇರ್ ಅಂಡ್ ಲವ್ಲಿ’ಯನ್ನು ಮಾರುಕಟ್ಟೆಗೆ ತಂದ ಹಿಂದೂಸ್ತಾನ್ ಲೀವರ್ ಸಂಸ್ಥೆಯ ಪ್ರಧಾನ ಕಛೇರಿ ಇಂದು ಅಂಧೇರಿ ಪೂರ್ವದ ಚಕಾಲಾದಲ್ಲಿದೆ. ಆ ಲೇಪನದ ಮುಖ್ಯ ದ್ರವ್ಯ ನಯಾಸಿನಮೈಡ್, ಅಂದರೆ ‘ಬಿ’ ಜೀವಸತ್ವದ ಒಂದು ರೂಪ. ಚರ್ಮದ ವರ್ಣಕಣಗಳು ಮೇಲುಪದರದ ಕೋಶಗಳಿಗೆ ಸಾಗುವುದನ್ನು ಅದು ತಕ್ಕಮಟ್ಟಿಗೆ ತಡೆಯುತ್ತದೆ. ಕಲೆಗಳು ನಿಧಾನವಾಗಿ ತಿಳಿಯಾಗುತ್ತವೆ. ಹುಟ್ಟುಬಣ್ಣವನ್ನು ಬದಲಿಸುವ ಶಕ್ತಿ ಅದಕ್ಕಿಲ್ಲ. 2020ರಲ್ಲಿ ಆ ಹೆಸರಿನಿಂದ ‘ಫೇರ್’ ಎಂಬ ಪದವನ್ನೇ ಕೈಬಿಡಲಾಯಿತು.

ಸ್ಯಾಲಿಸಿಲಿಕ್ ಆಮ್ಲವು ಎಣ್ಣೆಯಲ್ಲಿ ಕರಗುವ ಗುಣದಿಂದಾಗಿ ರೋಮಕೂಪದೊಳಗಿಳಿದು ಅಲ್ಲಿ ಕಟ್ಟಿದ ಜಿಡ್ಡನ್ನು ಸಡಿಲಿಸುತ್ತದೆ. ಮೊಡವೆಯವರಿಗೆ ಶೇಕಡಾ 2ರ ವರೆಗಿನದು ಸಾಕು. ರೆಟಿನಾಲ್ ‘ಎ’ ಜೀವಸತ್ವದ ಬಳಗದ್ದು. ಅದನ್ನು ರಾತ್ರಿ ಮಾತ್ರ, ಬಟಾಣಿ ಕಾಳಿನಷ್ಟು, ಮೊದಮೊದಲು ವಾರಕ್ಕೆರಡು ಸಲ ಹಚ್ಚಬೇಕು. ಗರ್ಭಿಣಿಯರು ಅದರ ಗೊಡವೆಗೇ ಹೋಗಬಾರದು. ಚರ್ಮದ ಮೇಲುಪದರ ಹೊಸದಾಗಲು ಸುಮಾರು ನಾಲ್ಕು ವಾರ ಬೇಕಾದ್ದರಿಂದ ಎರಡು ಮೂರು ತಿಂಗಳು ಕಾಯದೆ ಯಾವುದರ ಫಲವನ್ನೂ ಅಳೆಯಲಾಗದು.

ಹಾಗಾದರೆ ಒಂದೇ ವಾರದಲ್ಲಿ ಮುಖವನ್ನು ಬೆಳ್ಳಗಾಗಿಸುವ ಟ್ಯೂಬಿನಲ್ಲಿರುವುದೇನು? ಹೆಚ್ಚಿನಂಶ ಸ್ಟಿರಾಯ್ಡ್. ಬೀಟಾಮೆಥಸೋನ್, ಮೊಮೆಟಸೋನ್, ಕ್ಲೋಬೆಟಸಾಲ್ ಇವು ಅದರ ಹೆಸರುಗಳು. ವೈದ್ಯರ ಕೈಯಲ್ಲಿ ಉತ್ತಮ ಔಷಧಗಳು. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ ರಕ್ತನಾಳಗಳು ಕೆಂಪಗೆ ತೋರುತ್ತವೆ. ಮೊಡವೆ ಏಳುತ್ತವೆ, ಕೆನ್ನೆಯಲ್ಲಿ ಕೂದಲು ಬೆಳೆಯುತ್ತದೆ. ನಿಲ್ಲಿಸಿದೊಡನೆ ಉರಿ, ಕೆಂಪು ಉಕ್ಕಿ ಬರುವುದರಿಂದ ಬಳಸಿದವರು ಮತ್ತೆ ಅದನ್ನೇ ಹಚ್ಚುತ್ತಾರೆ. ಹೋಟೆಲಿನ ಅಡಿಗೆಮನೆಯಲ್ಲಿ ಬೆವರಿನಲ್ಲಿ ನಿಂತು ದುಡಿಯುವ ನಮ್ಮ ಹುಡುಗರ ಪಾಡೂ ಇದೇ. ಮಳೆಗಾಲದಲ್ಲಿ ತೊಡೆಸಂದಿಗೆ ಗಜಕರ್ಣ ಹತ್ತಿದರೆ ಅಂಗಡಿಯವನು ಕೊಟ್ಟ ಮಿಶ್ರ ಮುಲಾಮಿನಿಂದ ಎರಡೇ ದಿನದಲ್ಲಿ ತುರಿಕೆ ಅಡಗುತ್ತದೆ. ಬೂಷ್ಟು ಮಾತ್ರ ಒಳಗೊಳಗೇ ಹಬ್ಬುತ್ತಿರುತ್ತದೆ. ಕೋಣೆಯ ನಾಲ್ಕು ಮಂದಿ ಒಂದೇ ಟವೆಲು ಬಳಸುವಲ್ಲಿ ಅದು ಒಬ್ಬನಲ್ಲಿಯೇ ನಿಲ್ಲುವುದಿಲ್ಲ.

ಭಾರತ ಸರಕಾರವು 2018ರಲ್ಲಿ ಇಂತಹ 14 ಸ್ಟಿರಾಯ್ಡ್‌ಗಳ ಲೇಪನಗಳನ್ನು ‘ಎಚ್’ ಪರಿಶಿಷ್ಟಕ್ಕೆ ಸೇರಿಸಿತು. ವೈದ್ಯರ ಚೀಟಿಯಿಲ್ಲದೆ ಅವನ್ನು ಮಾರುವಂತಿಲ್ಲ. ಟ್ಯೂಬಿನ ಮೇಲೆ ‘ಆರ್‌ಎಕ್ಸ್’ ಚಿಹ್ನೆ ಕಂಡರೆ ಅದು ಪ್ರಸಾಧನವಲ್ಲ, ಔಷಧವೆಂದು ತಿಳಿಯತಕ್ಕದ್ದು. ಹೆಸರು, ವಿಳಾಸ, ಘಟಕಗಳ ಪಟ್ಟಿ ಒಂದೂ ಇಲ್ಲದ ಡಬ್ಬಿಗಳ ಮಾತೇ ಬೇರೆ. ಅಂಥವುಗಳಲ್ಲಿ ಪಾದರಸ ಸಿಕ್ಕಿದ ಉದಾಹರಣೆಗಳಿವೆ. ಕೇರಳದ ಮಲಪ್ಪುರಂ ಜಿಲ್ಲೆಯ ವೈದ್ಯರು 2023ರಲ್ಲಿ ಮೂತ್ರಪಿಂಡದ ಕಾಯಿಲೆಗೂ ಬಿಳುಪಿನ ಲೇಪನಗಳಿಗೂ ಇರುವ ಸಂಬಂಧವನ್ನು ಗುರುತಿಸಿದರು.

ದಿನಚರಿ ಸರಳವಾಗಿದ್ದಷ್ಟೂ ಲೇಸು: ಸೌಮ್ಯವಾದ ತೊಳೆಯುವಿಕೆ, ತೇವ ಉಳಿಸುವ ಒಂದು ಲೇಪನ, ಹಗಲಿಗೆ ಎಸ್.ಪಿ.ಎಫ್. 30ರ ಬಿಸಿಲುತಡೆ. ಮುಖ ಕುತ್ತಿಗೆಗಳಿಗೆ ಎರಡು ಬೆರಳುದ್ದ ಬೇಕು. ಲೋಕಲ್ ರೈಲಿನ ಬಾಗಿಲಲ್ಲಿ ಬೆವರಿದವರು ಮಧ್ಯಾಹ್ನ ಮತ್ತೊಮ್ಮೆ ಹಚ್ಚಬೇಕು. ಇದನ್ನು ಬಿಟ್ಟು ಕಲೆಯ ಔಷಧಕ್ಕೆ ಹಣ ಸುರಿಯುವುದು ತೂತುಕೊಡಕ್ಕೆ ನೀರು ತುಂಬಿದಂತೆ. ಸಕ್ರಿಯ ದ್ರವ್ಯ ಬೇಕೆಂದರೆ ಒಮ್ಮೆಗೆ ಒಂದನ್ನು ಮಾತ್ರ ಆರಂಭಿಸಿ, ಮೊದಲು ಕೆಲವು ದಿನ ಮೊಣಕೈ ಒಳಭಾಗದಲ್ಲಿ ಹಚ್ಚಿ ನೋಡಿ.

ಸ್ಟಿರಾಯ್ಡ್ ಈಗಾಗಲೇ ಬಹುಕಾಲ ಬಳಸಿದ್ದರೆ ಅದನ್ನು ಬಿಡುವ ಕ್ರಮವನ್ನು ಚರ್ಮವೈದ್ಯರಿಂದಲೇ ಕೇಳಬೇಕು. ಅಂಧೇರಿಯವರಿಗೆ ಸಮೀಪದ ಕೂಪರ್ ಪುರಸಭಾ ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿದೆ. ಹೋಗುವಾಗ ಹಚ್ಚಿದ ಟ್ಯೂಬು ಬರಿದಾಗಿದ್ದರೂ ಎಸೆಯದೆ ಕೊಂಡೊಯ್ಯಿರಿ.